ಕಾಲೇಜು ಸೇರುವುದು, ಕಾಲೇಜು ಮುಗಿಸುವುದು: ಅಮೆರಿಕದ ಹಿಸ್ಪ್ಯಾನಿಕ್ ವಿದ್ಯಾರ್ಥಿಗಳಿಂದ ತಿಳಿಯುವುದೇನು?

ವಿದ್ಯಾರ್ಥಿವೇತನ ಕೊಡುವ ಸಂಸ್ಥೆಗಳ ವರದಿಯಲ್ಲಿ ಒಂದು ಅಂಕಿ ತಪ್ಪದೆ ಇರುತ್ತದೆ: ಈ ವರ್ಷ ಎಷ್ಟು ಮಕ್ಕಳಿಗೆ ನೆರವು ಸಿಕ್ಕಿತು ಎಂಬುದು. ಆ ಮಕ್ಕಳಲ್ಲಿ ಪದವಿ ಮುಗಿಸಿದವರು ಎಷ್ಟು ಎಂಬ ಅಂಕಿ ಅಪರೂಪ. ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ದಶಕಗಳಿಂದ ಕೆಲಸ ನಡೆದಿರುವ ಒಂದು ಸಮುದಾಯದ ಬಗ್ಗೆ ಈ ಬಾರಿಯ ವರದಿಯಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ. ನಮ್ಮ ದಾನಿಗಳೂ ಅರ್ಜಿ ಹಾಕುವ ಮನೆಯವರೂ ಓದಬೇಕೆಂಬುದು ನಮ್ಮ ಆಸೆ.

ಅಮೆರಿಕದಲ್ಲಿ ಹಿಸ್ಪ್ಯಾನಿಕ್ ಅಥವಾ ಲ್ಯಾಟಿನೊ ಎಂದು ಕರೆಯುವುದು ಸ್ಪ್ಯಾನಿಷ್ ಮಾತನಾಡುವ ನಾಡುಗಳ ಮೂಲದವರನ್ನು. ಮೆಕ್ಸಿಕೊ, ಪೋರ್ಟೊರಿಕೊ, ಕ್ಯೂಬಾ, ಎಲ್ ಸಾಲ್ವಡಾರ್ ಹೀಗೆ ಮೂಲಗಳು ಹಲವು. 2020ರ ಜನಗಣತಿಯಲ್ಲಿ ಇವರ ಸಂಖ್ಯೆ 6.2 ಕೋಟಿ, ಅಂದರೆ ದೇಶದ ಐವರಲ್ಲಿ ಹತ್ತಿರಹತ್ತಿರ ಒಬ್ಬರು. ಇವರೆಲ್ಲ ನಿನ್ನೆ ಮೊನ್ನೆ ವಲಸೆ ಬಂದವರಲ್ಲ. ಹೆಚ್ಚಿನವರು ಅಲ್ಲೇ ಹುಟ್ಟಿದವರು. ನ್ಯೂ ಮೆಕ್ಸಿಕೊ, ಟೆಕ್ಸಾಸ್ ಕಡೆಯ ಕೆಲವು ಮನೆತನಗಳಂತೂ ಆ ನೆಲ ಅಮೆರಿಕಕ್ಕೆ ಸೇರುವ ಮೊದಲೇ ಅಲ್ಲಿದ್ದವು.

2000ದಲ್ಲಿ ಈ ಸಮುದಾಯದ 16ರಿಂದ 24 ವಯಸ್ಸಿನವರಲ್ಲಿ ಶೇ. 28ರಷ್ಟು ಮಂದಿ ಹೈಸ್ಕೂಲ್ ಮುಗಿಸದೆ ಶಾಲೆ ಬಿಟ್ಟವರಾಗಿದ್ದರು. 2021ರ ಹೊತ್ತಿಗೆ ಅದು ಸುಮಾರು ಶೇ. 8ಕ್ಕೆ ಇಳಿಯಿತು. ಕಾಲೇಜು ಸೇರುವವರ ಸಂಖ್ಯೆಯೂ ಏರಿತು. ಇದು ಸಣ್ಣ ಸಾಧನೆಯಲ್ಲ. ಆದರೆ 25ರಿಂದ 29 ವಯಸ್ಸಿನವರಲ್ಲಿ ನಾಲ್ಕು ವರ್ಷದ ಪದವಿ ಪಡೆದ ಹಿಸ್ಪ್ಯಾನಿಕ್‌ರ ಪ್ರಮಾಣ 2022ರಲ್ಲಿ ಸುಮಾರು ಶೇ. 25 ಮಾತ್ರ, ಅದೇ ವಯಸ್ಸಿನ ಬಿಳಿಯರಲ್ಲಿ ಸುಮಾರು ಶೇ. 45. ಬಾಗಿಲು ದಾಟಿದ ಎಷ್ಟೋ ಮಕ್ಕಳು ನಡುವೆಯೇ ಹೊರಗೆ ಬರುತ್ತಿದ್ದಾರೆ.

ತಂದೆತಾಯಿಗೆ ಓದಿನ ಬೆಲೆ ಗೊತ್ತಿಲ್ಲ ಎಂಬ ಸಿದ್ಧ ಉತ್ತರ ಅಲ್ಲೂ ಇದೆ. ನಾವಿದನ್ನು ಒಪ್ಪುವುದಿಲ್ಲ. 2014ರ ಒಂದು ಸಮೀಕ್ಷೆಯಲ್ಲಿ, ಹೈಸ್ಕೂಲ್ ಮುಗಿದ ಕೂಡಲೇ ಕೆಲಸಕ್ಕೋ ಸೈನ್ಯಕ್ಕೋ ಸೇರಿದ ಹಿಸ್ಪ್ಯಾನಿಕ್‌ರನ್ನು ಕಾಲೇಜಿಗೆ ಏಕೆ ಹೋಗಲಿಲ್ಲ ಎಂದು ಕೇಳಲಾಯಿತು. ಮನೆ ನಡೆಸಲು ನೆರವಾಗಬೇಕಿತ್ತು ಎಂಬುದನ್ನೂ ಒಂದು ಕಾರಣವಾಗಿ ಹೇಳಿದವರು ಶೇ. 66. ಬಿಳಿಯರಲ್ಲಿ ಅದೇ ಕಾರಣ ಕೊಟ್ಟವರು ಶೇ. 39. ಓದು ಬೇಡವೆಂದು ಬಿಟ್ಟವರ ಮಾತು ಹೀಗಿರುವುದಿಲ್ಲ.

ಹಣದ ನೆರವು ಇಲ್ಲವೆಂದೂ ಅಲ್ಲ. ಬಡ ಕುಟುಂಬದ ಮಕ್ಕಳಿಗೆ ಪೆಲ್ ಗ್ರಾಂಟ್ ಎಂಬ ಕೇಂದ್ರ ಸರ್ಕಾರದ ನೆರವಿದೆ. ಅದನ್ನು ಹಿಂದಿರುಗಿಸಬೇಕಿಲ್ಲ. 2023-24ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್. ಆದರೆ ಅದನ್ನು ಪಡೆಯಲು ಫಾಫ್ಸಾ ಎಂಬ ಅರ್ಜಿ ತುಂಬಬೇಕು. ಬಹಳ ವರ್ಷ ಆ ಅರ್ಜಿಯಲ್ಲಿ ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ಮನೆಯಲ್ಲಿ ಯಾರೂ ಕಾಲೇಜು ಕಂಡಿಲ್ಲ, ಅಪ್ಪ ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ ಎಂದಾದರೆ ಆ ಕಾಗದವೇ ಒಂದು ಗೋಡೆ. ತಂದೆತಾಯಿಯ ಬಳಿ ವಾಸದ ಅಧಿಕೃತ ದಾಖಲೆ ಇಲ್ಲದಿದ್ದರೆ ಸರ್ಕಾರದ ಅರ್ಜಿಯಲ್ಲಿ ವಿವರ ಬರೆಯಲು ಭಯ. ಅರ್ಜಿಯನ್ನು ಸರಳ ಮಾಡಿ 2023ರ ಕೊನೆಗೆ ಹೊಸದನ್ನು ತಂದಾಗಲೂ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದ ತಂದೆತಾಯಿಯ ಮಕ್ಕಳು ಮೊದಲ ಕೆಲವು ತಿಂಗಳು ಅದನ್ನು ಪೂರ್ತಿ ಮಾಡಲಾಗದೆ ಪರದಾಡಿದರು.

ಈ ಅರ್ಜಿಯ ಮೇಲೆ ನಡೆದ ಒಂದು ಪ್ರಯೋಗ ನಮ್ಮ ಗಮನ ಸೆಳೆಯಿತು. ಒಹಾಯೊ ಮತ್ತು ನಾರ್ತ್ ಕೆರೊಲಿನಾದಲ್ಲಿ ಎಚ್ ಅಂಡ್ ಆರ್ ಬ್ಲಾಕ್ ಎಂಬ ತೆರಿಗೆ ಸಲಹಾ ಸಂಸ್ಥೆಯ ಕಚೇರಿಗಳಿಗೆ ಬಂದ ಕಡಿಮೆ ಆದಾಯದ ಮನೆಯವರನ್ನು ಗುಂಪುಗಳಾಗಿ ಮಾಡಿದರು. ಒಂದು ಗುಂಪಿಗೆ ಅಲ್ಲೇ ಕೂರಿಸಿಕೊಂಡು ಅರ್ಜಿ ತುಂಬಿಕೊಟ್ಟರು. ಇನ್ನೊಂದು ಗುಂಪಿಗೆ ಎಷ್ಟು ನೆರವು ಸಿಗಬಹುದೆಂಬ ಮಾಹಿತಿ ಮಾತ್ರ ಕೊಟ್ಟರು. ಅರ್ಜಿ ತುಂಬಿಸಿಕೊಂಡ ಮನೆಗಳ ಹೈಸ್ಕೂಲ್ ಮಕ್ಕಳಲ್ಲಿ ಮುಂದಿನ ಮೂರು ವರ್ಷದೊಳಗೆ ಎರಡು ವರ್ಷದ ಕಾಲೇಜು ಓದು ಪೂರೈಸಿದವರು ಶೇ. 28ರಿಂದ 36ಕ್ಕೆ ಏರಿದರು. ಮಾಹಿತಿ ಮಾತ್ರ ಪಡೆದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ! ಇದು ಹಿಸ್ಪ್ಯಾನಿಕ್‌ರಿಗಷ್ಟೇ ಸೀಮಿತವಾದ ಪ್ರಯೋಗವಲ್ಲ. ಆದರೂ ಕರಪತ್ರ ಹಂಚಿ ಕೈತೊಳೆದುಕೊಳ್ಳುವ ಎಲ್ಲ ಸಂಸ್ಥೆಗಳೂ ಗಮನಿಸಬೇಕಾದ ಫಲಿತಾಂಶ.

ಸೇರಿದ ಮೇಲಿನ ಕಥೆ ಬೇರೆ. ಹಿಸ್ಪ್ಯಾನಿಕ್ ಮಕ್ಕಳಲ್ಲಿ ಬಹಳಷ್ಟು ಮಂದಿ ಮನೆ ಹತ್ತಿರದ, ಶುಲ್ಕ ಕಡಿಮೆಯ ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಸೇರುತ್ತಾರೆ. ಅರ್ಧ ದಿನ ಓದು, ಅರ್ಧ ದಿನ ದುಡಿಮೆ. ಅಲ್ಲಿಂದ ನಾಲ್ಕು ವರ್ಷದ ಪದವಿಗೆ ದಾಟುವಾಗ ಮೊದಲು ಓದಿದ ಎಷ್ಟೋ ವಿಷಯಗಳು ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕು, ಪ್ರವೇಶದ ವೇಳೆಯ ಒಂದು ಪರೀಕ್ಷೆಯ ಮೇಲೆ ಮಕ್ಕಳನ್ನು ಪೂರ್ವಸಿದ್ಧತೆಯ ತರಗತಿಗೆ ಹಾಕುವುದು. ಅದಕ್ಕೂ ಶುಲ್ಕ ಕಟ್ಟಬೇಕು, ಸಮಯ ಕೊಡಬೇಕು, ಪದವಿಗೆ ಮಾತ್ರ ಅದು ಸೇರದು. ವರ್ಷ ಕಳೆದರೂ ಪದವಿಯ ಗಣಿತ ಶುರುವೇ ಆಗದಿದ್ದರೆ ಯಾರಿಗೆ ಬೇಸರ ಬಾರದು? ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನು ಮಾಡಿ, ಹೈಸ್ಕೂಲ್ ಅಂಕಗಳನ್ನು ನೋಡಿ ಹೆಚ್ಚಿನ ಮಕ್ಕಳನ್ನು ನೇರ ಪದವಿ ಮಟ್ಟದ ಇಂಗ್ಲಿಷ್, ಗಣಿತಕ್ಕೆ ಸೇರಿಸುವಂತೆ ಕಾಲೇಜುಗಳಿಗೆ ಹೇಳಿತು. ಮೊದಲ ವರ್ಷದಲ್ಲೇ ಆ ವಿಷಯಗಳನ್ನು ಪಾಸು ಮಾಡುವವರ ಸಂಖ್ಯೆ, ಹಿಸ್ಪ್ಯಾನಿಕ್ ಮಕ್ಕಳದ್ದೂ ಸೇರಿ, ಬಹಳ ಹೆಚ್ಚಿತು.

ಅದೇ ರಾಜ್ಯದಲ್ಲಿ 1981ರಲ್ಲಿ ಶಾಬೊ ಕಾಲೇಜಿನಲ್ಲಿ ಆರಂಭವಾದ ಪುಯೆಂತೆ ಯೋಜನೆಯೂ ಹೆಸರು ಮಾಡಿದೆ. ಪುಯೆಂತೆ ಎಂದರೆ ಸ್ಪ್ಯಾನಿಷ್‌ನಲ್ಲಿ ಸೇತುವೆ. ಬರವಣಿಗೆಯ ತರಗತಿ, ಒಬ್ಬ ಸಲಹೆಗಾರ, ಸಮುದಾಯದಲ್ಲೇ ಓದಿ ಮೇಲೆ ಬಂದ ಒಬ್ಬ ಮಾರ್ಗದರ್ಶಿ: ಇಷ್ಟೇ ಅದರ ಬಂಡವಾಳ.

ನಮ್ಮ ಸಮಿತಿ ಹೆಚ್ಚು ಚರ್ಚಿಸಿದ್ದು ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಅಸಾಪ್ ಯೋಜನೆಯನ್ನು. 2007ರಲ್ಲಿ ಶುರುವಾದ ಇದರಲ್ಲಿ ಹಿಸ್ಪ್ಯಾನಿಕ್ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ವಿದ್ಯಾರ್ಥಿ ಪೂರ್ಣಾವಧಿ ಓದಬೇಕು, ಸಲಹೆಗಾರರನ್ನು ಆಗಾಗ ಭೇಟಿಯಾಗಲೇಬೇಕು. ಇದಕ್ಕೆ ಪ್ರತಿಯಾಗಿ ಬೇರೆ ನೆರವು ಕಳೆದು ಉಳಿದ ಶುಲ್ಕದ ಮನ್ನಾ, ಪುಸ್ತಕದ ಖರ್ಚು, ಬಸ್ಸು ಮತ್ತು ಮೆಟ್ರೊ ಪಾಸು ಸಿಗುತ್ತದೆ. ಪಾಸು ಎಂದರೆ ಸಣ್ಣ ವಿಷಯ ಎನಿಸಬಹುದು. ದಿನಾ ಎರಡು ಬಸ್ಸು ಬದಲಾಯಿಸುವ ಮಗುವನ್ನು ಕೇಳಿ ನೋಡಿ. ಲಾಟರಿ ಎತ್ತಿ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನದಲ್ಲಿ, ಮೂರು ವರ್ಷದೊಳಗೆ ಪದವಿ ಪಡೆದವರು ಈ ಯೋಜನೆಯಲ್ಲಿ ಶೇ. 40, ಹೊರಗಿದ್ದವರಲ್ಲಿ ಶೇ. 22. ಒಬ್ಬ ವಿದ್ಯಾರ್ಥಿಗೆ ತಗಲುವ ಖರ್ಚು ಜಾಸ್ತಿಯೇ. ಆದರೆ ಒಂದು ಪದವಿಗೆ ಎಷ್ಟು ಖರ್ಚಾಯಿತು ಎಂದು ಲೆಕ್ಕ ಹಾಕಿದಾಗ ಅದು ಕಡಿಮೆ ಬಂತು. ದಾನದ ಹಣ ಹಂಚುವವರಿಗೆ ಈ ಎರಡನೇ ಲೆಕ್ಕವೇ ಮುಖ್ಯ ಎಂದು ನಾವು ಭಾವಿಸುತ್ತೇವೆ.

ಅಮೆರಿಕದ ಕಾನೂನಿನಲ್ಲಿ ಹಿಸ್ಪ್ಯಾನಿಕ್ ಸೇವಾ ಸಂಸ್ಥೆ ಎಂಬ ಹೆಸರೊಂದಿದೆ. ಪದವಿ ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇ. 25 ಮಂದಿ ಈ ಸಮುದಾಯದವರಾಗಿರುವುದು ಅದಕ್ಕೆ ಮುಖ್ಯ ಅರ್ಹತೆ. ಮಕ್ಕಳನ್ನು ಸೇರಿಸಿಕೊಂಡ ಮಾತ್ರಕ್ಕೆ ಸೇವೆ ಆಯಿತೇ ಎಂಬ ವಾದ ಅಲ್ಲಿ ಆಗಿನಿಂದಲೂ ಇದೆ, ಅದು ಸರಿಯಾದ ವಾದವೂ ಹೌದು.

ನಮ್ಮ ಅರ್ಜಿದಾರರ ಮನೆಗಳ ಸ್ಥಿತಿ ಇದಕ್ಕಿಂತ ಬಹಳ ದೂರವಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಮಕ್ಕಳು, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆಯುವ ತಂದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ನಿಂತುಹೋಗುವ ಸರ್ಕಾರಿ ವಿದ್ಯಾರ್ಥಿವೇತನ. ಆದ್ದರಿಂದ ಈ ವರ್ಷದ ವಿದ್ಯಾರ್ಥಿವೇತನ ಪ್ರಕಟಣೆಯಲ್ಲಿ ಮೂರು ಅಂಶ ಸೇರಿಸಿದ್ದೇವೆ. ಅರ್ಜಿ ಸ್ವೀಕರಿಸುವ ದಿನಗಳಲ್ಲಿ ನಮ್ಮ ಕಾರ್ಯಕರ್ತರು ಕಚೇರಿಯಲ್ಲಿದ್ದು, ನಮ್ಮ ಅರ್ಜಿಯ ಜೊತೆಗೆ ಸರ್ಕಾರದ ಅರ್ಜಿಯನ್ನೂ ತುಂಬಿಕೊಡುತ್ತಾರೆ. ಆಯ್ಕೆಯಾದವರಿಗೆ ಪದವಿ ಮುಗಿಯುವವರೆಗೆ ಪ್ರತಿವರ್ಷ ನೆರವು ಮುಂದುವರಿಯುತ್ತದೆ. ಒಂದೆರಡು ವಿಷಯ ಬಾಕಿ ಉಳಿಸಿಕೊಂಡವರ ನೆರವನ್ನು ನಿಲ್ಲಿಸದೆ, ಸಮಿತಿಯ ಸದಸ್ಯರೊಬ್ಬರು ಅವರೊಂದಿಗೂ ಪೋಷಕರೊಂದಿಗೂ ಕೂತು ಮಾತನಾಡುತ್ತಾರೆ. ಬಸ್ ಪಾಸಿನ ಖರ್ಚನ್ನು ಅರ್ಜಿಯ ಕೊನೆಯ ಕಾಲಂನಲ್ಲಿ ಬೇರೆಯಾಗಿ ನಮೂದಿಸಿ.

ಬರುವಾಗ ಅಂಕಪಟ್ಟಿ, ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಪುಸ್ತಕ, ಆದಾಯ ಪ್ರಮಾಣಪತ್ರ ತನ್ನಿ. ಆದಾಯ ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲದಿದ್ದರೆ ಅರ್ಜಿ ಹಾಕಿದ ರಸೀದಿಯನ್ನಾದರೂ ತನ್ನಿ, ಕೊನೆಯ ದಿನದವರೆಗೆ ಕಾಯಬೇಡಿ.