ಸಮಯ: ಕಾಲದ ಕಿರಿಯ ಕಣ

‘ಸಮಯವಿಲ್ಲ’ ಎಂದು ನಾವು ದಿನಕ್ಕೆಷ್ಟೋ ಬಾರಿ ಹೇಳುತ್ತೇವೆ. ಜೈನಾಗಮದಲ್ಲಿ ‘ಸಮಯ’ ಎಂದರೆ ಮತ್ತೆ ವಿಭಾಗಿಸಲಾಗದ, ಕಾಲದ ಅತಿ ಸೂಕ್ಷ್ಮ ಅಂಶ. ಪುದ್ಗಲ ಪರಮಾಣುವೊಂದು ಮಂದಗತಿಯಿಂದ ಒಂದು ಆಕಾಶಪ್ರದೇಶವನ್ನು ಬಿಟ್ಟು ಪಕ್ಕದ ಪ್ರದೇಶವನ್ನು ಸೇರಲು ಹಿಡಿಯುವ ಕಾಲವಿದು. ಕಣ್ಣೆವೆ ಮಿಟುಕಿಸುವಷ್ಟರಲ್ಲಿ ಅಸಂಖ್ಯಾತ ಸಮಯಗಳು ಸಂದುಹೋಗುತ್ತವೆ.

ಇಷ್ಟು ಸೂಕ್ಷ್ಮವಾದ ಲೆಕ್ಕವೇಕೆ? ರಾಗದ್ವೇಷಗಳಿಂದ ಕೂಡಿದ ಸಂಸಾರಿ ಜೀವನಿಗೆ ಸಮಯ ಸಮಯಕ್ಕೂ ಕರ್ಮಬಂಧವಾಗುತ್ತಲೇ ಇರುತ್ತದೆ. ಮನೆಯವರ ಮೇಲೆ ಸಿಡುಕಿನ ಮಾತು ಹೊರಡುವ ಮುನ್ನವೇ, ಮನದಲ್ಲಿ ಕ್ರೋಧ ಮೂಡಿದಾಗಲೇ, ಕರ್ಮ ಅಂಟಿಕೊಂಡಿರುತ್ತದೆ. ‘ಮುಪ್ಪಿನಲ್ಲಿ ಧರ್ಮಸಾಧನೆ ಮಾಡಿದರಾಯಿತು’ ಎನ್ನುವವರ ಲೆಕ್ಕ ತಪ್ಪುವುದು ಇಲ್ಲಿಯೇ. ಸಾಧನೆಯನ್ನು ಮುಂದೂಡಬಹುದು, ಬಂಧವನ್ನು ಮುಂದೂಡಲಾಗದು.

ಆದರೆ ಒಂದು ಸಮಯವು ನಮ್ಮ ಇಂದ್ರಿಯಗಳಿಗೆ ಎಟುಕದು. ಆದುದರಿಂದಲೇ ಶ್ರಾವಕರಿಗೆ ಸಾಮಾಯಿಕವೆಂಬ ಶಿಕ್ಷಾವ್ರತ ವಿಹಿತವಾಗಿದೆ. ರೂಢಿಯಲ್ಲಿ ಅದರ ಅವಧಿ 2 ಘಳಿಗೆ, ಅಂದರೆ 48 ನಿಮಿಷಗಳ ಒಂದು ಮುಹೂರ್ತ. ಅಷ್ಟು ಹೊತ್ತು ಪಾಪಕ್ರಿಯೆಗಳನ್ನು ತೊರೆದು, ಲಾಭ-ನಷ್ಟ, ಶತ್ರು-ಮಿತ್ರ, ಸುಖ-ದುಃಖಗಳಲ್ಲಿ ಸಮಭಾವದಿಂದ ಆತ್ಮಚಿಂತನೆ ಮಾಡಬೇಕು.

ಭರತ ಚಕ್ರವರ್ತಿಯು ದೀಕ್ಷೆಗೊಂಡ ಅಂತರ್ಮುಹೂರ್ತದಲ್ಲಿಯೇ, ಎಂದರೆ ಮುಹೂರ್ತವೊಂದು ತುಂಬುವ ಮೊದಲೇ, ಕೇವಲಜ್ಞಾನವನ್ನು ಪಡೆದನೆಂದು ಪುರಾಣ ಹೇಳುತ್ತದೆ. ಅರಮನೆಯಲ್ಲಿದ್ದಾಗಲೇ ಬೆಳೆಸಿಕೊಂಡ ವೈರಾಗ್ಯ ಅವನ ಬೆಂಬಲಕ್ಕಿತ್ತು. ಒಂದು ಹಗಲಿರುಳಿನಲ್ಲಿ ನಮಗೆ ದೊರೆಯುವ ಮುಹೂರ್ತಗಳು 30. ಅವುಗಳಲ್ಲಿ ಒಂದನ್ನಾದರೂ ಸಾಮಾಯಿಕಕ್ಕೆ ಮೀಸಲಿಡೋಣ. ಅಲ್ಲಿ ಅಭ್ಯಾಸವಾದ ಸಮಭಾವವು ಉಳಿದ 29ರಲ್ಲಿ, ಕೋಪ ತಲೆಯೆತ್ತುವ ಹೊತ್ತಿನಲ್ಲಿ, ನಮ್ಮ ನೆರವಿಗೆ ಬರುತ್ತದೆ.