ಕಟೌಟಿಗೆ ಕಟ್ಟೋ ಬಾವುಟದ ಹಿಂದೊಬ್ಬ ಪತ್ತೇದಾರಿ ಕಾದಂಬರಿಕಾರ!

ಅಭಿಮಾನಿ ಮಿತ್ರರೇ, ಒಂದು ಪ್ರಶ್ನೆ. ಹೊಸ ಚಿತ್ರ ಬಿಡುಗಡೆಯಾಗೋ ದಿನ ಕೋಳಿ ಕೂಗೋ ಹೊತ್ತಿಗೇ ಎದ್ದು, ಥಿಯೇಟರ್ ಮುಂದಿನ ಕಟೌಟಿಗೆ ಹಾರ ಏರಿಸಿ, ಹಾಲಿನ ಅಭಿಷೇಕ ಮಾಡಿ, ಮೇಲೊಂದು ಹಳದಿ-ಕೆಂಪು ಬಾವುಟ ಕಟ್ಟುತ್ತೀರಲ್ಲ, ಆ ಬಾವುಟ ಮಾಡಿದವರು ಯಾರು?

ಈ ಪ್ರಶ್ನೆಯನ್ನ ನಾನು ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದೀನಿ. ಬೇಲೂರಿನ ಗುಡಿ ಮುಂದೆ ಕೇಳಿದ್ದೀನಿ. ಹಳೇಬೀಡಿನ ಕಾಫಿ ಅಂಗಡೀಲಿ ಕೂತು ಕೇಳಿದ್ದೀನಿ. ‘ಸರ್ಕಾರದೋರು ಮಾಡಿರ್ತಾರೆ ಬಿಡಿ ಸಾರ್’ ಅಂದ ಒಬ್ಬ. ‘ಹೊಯ್ಸಳರ ಕಾಲದಿಂದ ಇದೆ’ ಅಂದ ಇನ್ನೊಬ್ಬ. ‘ಅಣ್ಣಾವ್ರದ್ದೇ ಅಲ್ವಾ?’ ಅಂದ ಮೂರನೆಯವ. ಮೂರೂ ತಪ್ಪು!

ಸರಿಯುತ್ತರ ಕೇಳಿದರೆ ನಿಮಗೇ ಆಶ್ಚರ್ಯವಾದೀತು. ಆ ಬಾವುಟಕ್ಕೆ ರೂಪ ಕೊಟ್ಟವರು ರಾಜನೂ ಅಲ್ಲ, ಮಂತ್ರಿಯೂ ಅಲ್ಲ. ಕೊಲೆ, ದರೋಡೆ, ಮುಸುಕುಧಾರಿ, ಪಿಸ್ತೂಲು... ಇವುಗಳ ಕಥೆ ಬರೆದು ಹೊಟ್ಟೆ ಹೊರೆದ ಒಬ್ಬ ಪತ್ತೇದಾರಿ ಕಾದಂಬರಿಕಾರ. ಹೆಸರು ಮ. ರಾಮಮೂರ್ತಿ.

ಜಂಕ್ಷನ್ನಿನ ಓದುಗರು

ನಮ್ಮ ಅರಸೀಕೆರೆ ರೈಲ್ವೆ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ದಾರಿಗೂ ಹಾಸನ–ಮೈಸೂರು ದಾರಿಗೂ ಇಲ್ಲೇ ಕೂಡು. ಗಾಡಿ ತಡವಾಯಿತೆಂದರೆ ಪ್ಲಾಟ್‌ಫಾರಂ ತುಂಬ ಕಾಯುವ ಜನ. ಕಾಯುವವರಿಗೆ ಬೇಕಾದ್ದು ಎರಡೇ: ಒಂದು ಕಪ್ ಚಹಾ, ಒಂದು ಪತ್ತೇದಾರಿ ಪುಸ್ತಕ! ನನ್ನ ಹುಡುಗಾಟದ ದಿನಗಳಲ್ಲಿ ಬಾಡಿಗೆ ಪುಸ್ತಕದಂಗಡಿಯಿಂದ ತಂದ ಕಾದಂಬರಿಯನ್ನ ಪಠ್ಯಪುಸ್ತಕದ ನಡುವೆ ಇಟ್ಟು ಓದದ ಹುಡುಗನೇ ಇರಲಿಲ್ಲ ಅನ್ನಿ. ಕೊನೆ ಹಾಳೆ ಹರಿದಿದ್ದರಂತೂ ಗೋಳೋ ಗೋಳು. ಕೊಲೆಗಾರ ಯಾರು ಅಂತ ತಿಳೀದೇ ವಾರಗಟ್ಟಲೆ ನಿದ್ದೆ ಬರ್ತಿರಲಿಲ್ಲ.

ಆ ಪುಸ್ತಕಗಳ ದೊಡ್ಡ ಸರದಾರ ಎನ್. ನರಸಿಂಹಯ್ಯ. 1925ರಲ್ಲಿ ಹುಟ್ಟಿ 2011ರಲ್ಲಿ ಕಣ್ಮುಚ್ಚಿದ ಈ ಮಹಾನುಭಾವರು ಓದಿದ್ದು ಬರೀ ನಾಲ್ಕನೇ ತರಗತಿ, ಬರೆದದ್ದು ನೂರಾರು ಕಾದಂಬರಿ! ಅವರ ಪತ್ತೇದಾರ ಪುರುಷೋತ್ತಮ ಅಂದಿನ ಹುಡುಗರಿಗೆ ಸಿನಿಮಾ ಹೀರೋಗಿಂತ ಒಂದು ಕೈ ಮೇಲೆ. ಅದೇ ಹಾದಿಯ ಮತ್ತೊಬ್ಬ ಧೀರ ಮ. ರಾಮಮೂರ್ತಿ. ಅವರೂ ನೂರಕ್ಕೂ ಮಿಕ್ಕಿ ಬರೆದರು.

ದೊಡ್ಡ ವಿಮರ್ಶಕರು ಇವರನ್ನ ಸಾಹಿತಿಗಳ ಪಂಕ್ತಿಗೆ ಕೂರಿಸಲಿಲ್ಲ. ಕೂರಿಸದಿದ್ದರೆ ಬಿಡಲಿ! ಅಕ್ಷರ ಕೂಡಿಸಿ ಓದೋಕೆ ತಿಣುಕಾಡುತ್ತಿದ್ದ ಕ್ಲೀನರ್ ಹುಡುಗ, ಹೋಟೆಲ್ ಮಾಣಿ, ಬೀಡಿ ಕಟ್ಟೋನು ಇವರೆಲ್ಲ ಸರಾಗ ಕನ್ನಡ ಓದೋಕೆ ಕಲಿತದ್ದು ಇದೇ ಪುಸ್ತಕಗಳಿಂದ. ಆಮೇಲೆ ಅವರೇ ತಾನೇ ಥಿಯೇಟರಿನ ಗಾಂಧಿ ಕ್ಲಾಸ್ ತುಂಬಿದ್ದು? ಕನ್ನಡ ಚಿತ್ರ ನೂರು ದಿನ ಓಡಿದ್ದು ಯಾರ ಚಿಲ್ಲರೆ ಕಾಸಿನಿಂದ? ನೀವೇ ಹೇಳಿ.

ಲೇಖನಿ ಕೆಳಗಿಟ್ಟು ಬೀದಿಗೆ

ರಾಮಮೂರ್ತಿ ಹುಟ್ಟಿದ್ದು ನಂಜನಗೂಡಿನಲ್ಲಿ, 1918ರಲ್ಲಿ. ತಂದೆ ‘ವೀರಕೇಸರಿ’ ಎಂದೇ ಹೆಸರಾದ ಸೀತಾರಾಮಶಾಸ್ತ್ರಿಗಳು, ಪತ್ರಕರ್ತರು. ಹೀಗಾಗಿ ಮಗನಿಗೂ ಶಾಯಿಯ ವಾಸನೆ ತೊಟ್ಟಿಲಿಂದಲೇ ಬಂತು. ಪತ್ರಿಕೆ ನಡೆಸಿದರು, ಕಾದಂಬರಿ ಬರೆದರು, ಓದುಗರನ್ನು ಸಂಪಾದಿಸಿದರು. ಹಾಗೇ ಇದ್ದುಬಿಟ್ಟಿದ್ದರೆ ಬರೆದುಕೊಂಡು ನೆಮ್ಮದಿಯಾಗಿ ಬಾಳಬಹುದಿತ್ತು. ಆದರೆ...

1956ರ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಯಿತು. ಒಂದಾದ ಮೇಲೂ ರಾಜಧಾನಿ ಬೆಂಗಳೂರಲ್ಲಿ ಕನ್ನಡಕ್ಕೆ ಗತಿಯಿಲ್ಲ! ಥಿಯೇಟರುಗಳಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಚಿತ್ರಗಳ ಅಬ್ಬರ. ಕನ್ನಡ ಚಿತ್ರಗಳು ತಯಾರಾಗ್ತಿದ್ದದ್ದೇ ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ. ತಯಾರಾಗಿ ಬಂದದ್ದಕ್ಕೂ ಇಲ್ಲಿ ಒಳ್ಳೇ ಥಿಯೇಟರ್ ಸಿಗಬೇಕಾದರೆ ಹರಸಾಹಸ. ಸಾಲದ್ದಕ್ಕೆ ಡಬ್ಬಿಂಗ್ ಚಿತ್ರಗಳ ಹಾವಳಿ. ಪರಭಾಷೆಯ ಚಿತ್ರಕ್ಕೇ ಕನ್ನಡದ ಮಾತು ಅಂಟಿಸಿಬಿಟ್ಟರೆ ನಮ್ಮ ನಟನಿಗೆ, ಲೈಟ್‌ಬಾಯ್‌ಗೆ, ಸಂಗೀತಗಾರನಿಗೆ ಕೆಲಸವೆಲ್ಲಿ? ಅಂದು ಎದ್ದ ಪ್ರಶ್ನೆ ಅದು, ಹೊಟ್ಟೆಪಾಡಿನ ಪ್ರಶ್ನೆ. (ಆ ತಡೆ ಈಗ ಹೋಗಿದೆ, ಡಬ್ಬಿಂಗ್ ಚಿತ್ರಗಳು ಮತ್ತೆ ಬರ್ತಿವೆ. ಅದು ಬೇರೆ ಮಾತು.)

ಆಗ ಎದ್ದು ನಿಂತವರು ಅ.ನ.ಕೃ. ನಮ್ಮ ಹಾಸನ ಜಿಲ್ಲೆಯ ಅರಕಲಗೂಡು ಮನೆತನದ ಕಾದಂಬರಿ ಸಾರ್ವಭೌಮ! ಅವರ ‘ಸಂಧ್ಯಾರಾಗ’ 1966ರಲ್ಲಿ ತೆರೆಗೆ ಬಂದಾಗ ರಾಜಕುಮಾರ್ ನಾಯಕ, ಹಾಡಿದ್ದು ಭೀಮಸೇನ ಜೋಶಿ. ಆ ಅ.ನ.ಕೃ. ಜೊತೆ ಹೆಗಲು ಕೊಟ್ಟವರಲ್ಲಿ ರಾಮಮೂರ್ತಿ ಮುಂಚೂಣಿಯವರು. ಕಥೆಯ ಪತ್ತೇದಾರ ಕೊನೆ ಪುಟದಲ್ಲಿ ಮುಸುಕು ಕಿತ್ತೆಸೆಯುವಂತೆ, ಕಥೆಗಾರನೇ ಈಗ ಬೀದಿಗಿಳಿದರು. ಭಾಷಣ ಮಾಡಿದರು, ಮೆರವಣಿಗೆ ತೆಗೆದರು, ‘ಕನ್ನಡ ಪಕ್ಷ’ ಅಂತ ಒಂದು ಪಕ್ಷವನ್ನೇ ಕಟ್ಟಿದರು.

ಮೆರವಣಿಗೆ ಎಂದ ಮೇಲೆ ಕೈಯಲ್ಲೊಂದು ಬಾವುಟ ಬೇಡವೇ? 1960ರ ದಶಕದ ನಡುಭಾಗದಲ್ಲಿ ರಾಮಮೂರ್ತಿಯವರ ತಲೆಯಿಂದ ಬಂದದ್ದೇ ಅರಿಶಿನ-ಕುಂಕುಮದ ಬಣ್ಣ. ನನ್ನ ಲೆಕ್ಕದಲ್ಲಿ ಇದು ಪತ್ತೇದಾರಿ ಬರೆದವನಿಗೆ ಮಾತ್ರ ಹೊಳೆಯಬಹುದಾದ ಉಪಾಯ. ಯಾಕೆ ಅಂತೀರಾ? ಬಸ್ ಸ್ಟ್ಯಾಂಡಿನಲ್ಲಿ ದಾರಕ್ಕೆ ನೇತುಹಾಕಿದ ಪುಸ್ತಕ ಹತ್ತು ಮಾರು ದೂರದಿಂದಲೇ ಕಣ್ಣು ಕುಕ್ಕಬೇಕು. ಬಣ್ಣ ಕಮ್ಮಿ, ಹೊಡೆತ ಜಾಸ್ತಿ! ನಾವಿವತ್ತು ಕಟ್ಟೋ ಬಾವುಟವೂ ಹಾಗೇ ತಾನೇ? ಎರಡು ತುಂಡು ಬಟ್ಟೆ, ಒಂದು ಹೊಲಿಗೆ. ಬೇಲೂರಿನ ದರ್ಜಿಯೂ ಹೊಲಿದಾನು, ಬೆಂಗಳೂರಿನ ಗಿರಣಿಯೂ ಹೊಲಿದೀತು. ಮನೆಮನೆಯ ಅರಿಶಿನ-ಕುಂಕುಮದ ಬಟ್ಟಲಿನಲ್ಲಿ ಇರೋ ಬಣ್ಣಕ್ಕೆ ಅರ್ಥ ಹೇಳಿಕೊಡೋ ಮೇಷ್ಟ್ರೂ ಬೇಕಿಲ್ಲ.

ಬಾವಿಯಲ್ಲಿ ಮುಗಿದ ಬದುಕು

ಇಂಥ ಮನುಷ್ಯನ ಕೊನೆ ಮಾತ್ರ ಯಾವ ಕಾದಂಬರಿಯಲ್ಲೂ ಬರಬಾರದಂಥದ್ದು. 1967ರ ಡಿಸೆಂಬರ್ 25. ಬೆಂಗಳೂರಿನ ಹತ್ತಿರ ಅವರ ಜಮೀನಿನಲ್ಲಿ ಬಾವಿಯ ಕೆಲಸ. ಮಣ್ಣು ಕುಸಿಯಿತು. ಆ ಮಣ್ಣಿನಡಿ ಸಿಕ್ಕಿ ರಾಮಮೂರ್ತಿಯವರೂ ಹೋದರು, ಅವರ ಇಬ್ಬರು ಗಂಡುಮಕ್ಕಳೂ ಹೋದರು. ಒಂದೇ ದಿನ ಒಂದೇ ಮನೆಯ ಮೂರು ದೀಪ! ಐವತ್ತರ ಗಡಿಯನ್ನೂ ಮುಟ್ಟಲಿಲ್ಲ ಅವರು.

ಈಗ ಲೆಕ್ಕ ಹಾಕಿ ನೋಡಿ. ಅವರು ಹೋದ ಮರುವರ್ಷವೇ, 1968ರಲ್ಲಿ, ದೊರೆ-ಭಗವಾನ್ ಜೋಡಿಯ ‘ಜೇಡರ ಬಲೆ’ ಬಂತು. ರಾಜಕುಮಾರ್ ಸಿಐಡಿ 999 ಆಗಿ ಕೋಟು ತೊಟ್ಟು, ಪಿಸ್ತೂಲು ಹಿಡಿದು ನಿಂತಾಗ ಥಿಯೇಟರ್ ಕಿತ್ತುಹೋಗೋ ಹಾಗೆ ಶಿಳ್ಳೆ. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’. ಪತ್ತೇದಾರಿ ಪುಸ್ತಕಗಳು ಹದ ಮಾಡಿಟ್ಟ ನೆಲದಲ್ಲಿ ಸಿನಿಮಾ ಫಸಲು ಕೊಯ್ತು. ಆ ಫಸಲು ನೋಡೋಕೆ ರಾಮಮೂರ್ತಿ ಇರಲಿಲ್ಲ. 1972ರಲ್ಲಿ ‘ಬಂಗಾರದ ಮನುಷ್ಯ’ ಬಂದು ಇತಿಹಾಸ ಬರೆಯಿತಲ್ಲ, ಅದರ ಮೂಲ ಕಾದಂಬರಿಕಾರ ಟಿ.ಕೆ. ರಾಮರಾವ್ ಕೂಡ ಪತ್ತೇದಾರಿಯಲ್ಲೇ ಹೆಸರು ಮಾಡಿದವರು! 1981ರ ‘ಅಂತ’ದಲ್ಲಿ ಅಂಬರೀಷ್ ಗರ್ಜಿಸಿದರಲ್ಲ, ಅದರ ಹಿಂದಿದ್ದದ್ದು ಎಚ್.ಕೆ. ಅನಂತರಾವ್ ಬರೆದ ರೋಚಕ ಕಾದಂಬರಿ. ಈ ಸಾಲು ಬೆಳೆಯೋದನ್ನೂ ರಾಮಮೂರ್ತಿ ನೋಡಲಿಲ್ಲ. 1973ರ ನವೆಂಬರ್ 1ರಂದು ನಾಡಿಗೆ ‘ಕರ್ನಾಟಕ’ ಅಂತ ಹೆಸರು ಬಂದಾಗ ಅವರು ಹೋಗಿ ಆರು ವರ್ಷ ಸಮೀಪಿಸಿತ್ತು.

ಕಲ್ಲಿನ ಮೇಲೆ ಹೆಸರು, ಬಟ್ಟೆಯ ಮೇಲಿಲ್ಲ

ಬೇಲೂರಿಗೆ ಹೋದಾಗ ಶಿಲಾಬಾಲಿಕೆಯರನ್ನ ನೋಡ್ತೀರಿ, ಸೆಲ್ಫಿ ಹೊಡೀತೀರಿ. ಇನ್ನೊಂದು ಸಲ ಹೋದಾಗ ಅವರ ಪಾದದ ಕೆಳಗೂ ಒಂದಿಷ್ಟು ನೋಡಿ. ದಾಸೋಜ, ಅವನ ಮಗ ಚಾವಣ... ಕಡೆದ ಶಿಲ್ಪಿಗಳ ಹೆಸರು ಕನ್ನಡದಲ್ಲೇ ಕೊರೆದಿದೆ. ವಿಷ್ಣುವರ್ಧನನ ಕಾಲ, 1117. ಒಂಬೈನೂರು ವರ್ಷವಾದರೂ ಕೂಲಿ ಮಾಡಿದವನ ಹೆಸರು ಅಳಿಸಿಲ್ಲ! ಹಳೇಬೀಡಿನ ಗೋಡೆಯ ಮೇಲೂ ಶಿಲ್ಪಿಗಳ ರುಜು ಸಿಗುತ್ತೆ. ಹೊಯ್ಸಳರ ಲಾಂಛನ ಹುಲಿಯೊಡನೆ ಹೋರಾಡೋ ಸಳ, ಅದು ಬೇಲೂರಿನ ಗುಡಿ ಬಾಗಿಲಲ್ಲೇ ನಿಂತಿದೆ. ಹಾಗಾಗಿ ಹಳದಿ-ಕೆಂಪು ‘ಹೊಯ್ಸಳರದ್ದು’ ಅನ್ನೋ ಮಾತು ಅಲ್ಲೇ ಬಿದ್ದುಹೋಗುತ್ತೆ.

ಆದರೆ ನಮ್ಮ ಕಣ್ಣೆದುರೇ ಹುಟ್ಟಿದ ಬಾವುಟಕ್ಕೆ ರುಜು ಇಲ್ಲ. ವಿಚಿತ್ರ ನೋಡಿ: ಯಾವ ಪುಸ್ತಕಗಳ ಮೇಲೆ ರಾಮಮೂರ್ತಿ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿತ್ತೋ ಅವು ರದ್ದಿಗೆ ಹೋದವು. ಯಾವುದರ ಮೇಲೆ ಹೆಸರೇ ಬರೀಲಿಲ್ಲವೋ ಅದು ಮಾತ್ರ ಆಟೋ ಮೇಲೆ, ಬಸ್ ಮೇಲೆ, ಕಟೌಟಿನ ಮೇಲೆ ಪಟಪಟ ಹಾರ್ತಿದೆ. 2021ರ ಅಕ್ಟೋಬರಿನಲ್ಲಿ ಅಪ್ಪು ಹೋದಾಗ ಬೀದಿ ಬೀದಿಯಲ್ಲಿ ಅಭಿಮಾನಿಗಳ ಕೈಯಲ್ಲಿದ್ದದ್ದೂ ಇದೇ ಬಣ್ಣ. ಅರಸೀಕೆರೆಯ ಹಳೇ ಪುಸ್ತಕದವರ ಬಳಿ, ಸಂತೆಯ ರದ್ದಿ ರಾಶಿಯಲ್ಲಿ ನಾನು ರಾಮಮೂರ್ತಿಯವರ ಒಂದೇ ಒಂದು ಕಾದಂಬರಿಗಾಗಿ ತಡಕಾಡಿದ್ದೇನೆ. ಸಿಕ್ಕಿಲ್ಲ.

2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿ ಪಟ್ಟಿ, ಅದರ ಮೇಲೆ ಗಂಡಭೇರುಂಡದ ಲಾಂಛನ ಇಟ್ಟು ಹೊಸ ನಾಡಧ್ವಜ ತೋರಿಸಿತು, ಕೇಂದ್ರದ ಒಪ್ಪಿಗೆಯನ್ನೂ ಕೇಳಿತು. ಅದರ ಕಥೆ ಏನೇ ಆಗಲಿ, ಜನರ ಕೈಯಲ್ಲಿ ಉಳಿದದ್ದು ಮಾತ್ರ ಆ ಪತ್ತೇದಾರಿ ಕಾದಂಬರಿಕಾರನ ಎರಡು ಬಣ್ಣ.

ಆದ್ದರಿಂದ ಗೆಳೆಯರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಅಜ್ಜನ ಟ್ರಂಕಿನಲ್ಲಿ, ಅಟ್ಟದ ಮೇಲಿನ ಮೂಟೆಯಲ್ಲಿ ಹಳೇ ಪತ್ತೇದಾರಿ ಪುಸ್ತಕ ಇದ್ದರೆ ತೂಕಕ್ಕೆ ಹಾಕಬೇಡಿ. ಮುಖಪುಟದಲ್ಲಿ ‘ಮ. ರಾಮಮೂರ್ತಿ’ ಅಂತ ಇದ್ದರಂತೂ ಹತ್ತಿರದ ಗ್ರಂಥಾಲಯಕ್ಕೆ ತಲುಪಿಸಿ. ಮುಂದಿನ ಚಿತ್ರದ ಮೊದಲ ದಿನ, ಬಾವುಟ ಕಟ್ಟೋಕೆ ಅಂತ ಏಣಿ ಹತ್ತಿದವನನ್ನ ಕೆಳಗಿನಿಂದ ಒಂದು ಸಲ ಕೂಗಿ ಕೇಳಿ: ‘ಲೇ, ಅದನ್ನ ಮಾಡಿದ್ದು ಯಾರು ಗೊತ್ತೇನೋ?’

ಗೊತ್ತಿಲ್ಲ ಅಂದರೆ, ಹೇಳಿ ಮತ್ತೆ!