ಒಂದು ಕತ್ತರಿ ಏಟಿಗೆ ‘ಅಸಲಿಯಲ್ಲ’ ಹೋಗಿ ‘ಅಸಲಿ’ ಆಯ್ತು!

ಇವತ್ತು ಸ್ವಲ್ಪ ಕೋಡಿಂಗ್ ಮಾತು. ಗಾಬರಿ ಬೇಡ, ನಾನೂ ಬಿಕಾಂ ಮಾಡಿದವನು. ನನಗೆ ಅರ್ಥ ಆಗಿದೆ ಅಂದ್ರೆ ನಿಮಗೂ ಆಗುತ್ತೆ.

ನನ್ನ ಪಾಡ್‌ಕಾಸ್ಟ್‌ನ ವೆಬ್‌ಸೈಟನ್ನ ನಾನೇ ಪಿಎಚ್‌ಪಿಯಲ್ಲಿ ಮಾಡಿಕೊಂಡಿದ್ದೀನಿ. ನೋಟಿಫಿಕೇಶನ್‌ನಲ್ಲಿ ಜಾಗ ಕಮ್ಮಿ ಅಲ್ವಾ? ಅದಕ್ಕೆ ಶೀರ್ಷಿಕೆಯ ಮೊದಲ 20 ಅಕ್ಷರ ಮಾತ್ರ ಹೋಗಲಿ ಅಂತ ‘ಸಬ್‌ಸ್ಟರ್’ ಅನ್ನೋ ಫಂಕ್ಷನ್ ಹಾಕಿದ್ದೆ. ಇಂಗ್ಲಿಷ್ ಶೀರ್ಷಿಕೆಗಳಿಗೆ ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ಸಂಚಿಕೆಗೆ ‘ಈ ಹೂಡಿಕೆಯ ಆ್ಯಪ್ ಅಸಲಿಯಲ್ಲ’ ಅಂತ ಹೆಸರಿಟ್ಟೆ. ಫೋನ್‌ನಲ್ಲಿ ಕಂಡಿದ್ದು ‘ಈ ಹೂಡಿಕ’ ಮತ್ತು ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇರೋ ಒಂದು ಕಪ್ಪು ಡೈಮಂಡ್!

ಯಾಕೆ ಹೀಗಾಯ್ತು? ಸಬ್‌ಸ್ಟರ್ ಎಣಿಸೋದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನ. ವೆಬ್‌ನಲ್ಲಿ ಹೆಚ್ಚಾಗಿ ಬಳಸೋ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್‌ನ ‘ಎ’ಗೆ 1 ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಗುಣಿತದ ಚಿಹ್ನೆಗೂ ಬೇರೆ 3 ಬೈಟ್. ನನ್ನ ಶೀರ್ಷಿಕೆಯಲ್ಲಿ ‘ಕ’ ಮುಗಿಯೋ ಹೊತ್ತಿಗೆ 19 ಬೈಟ್ ಆಗಿತ್ತು. 20ನೇದು ಎತ್ವದ ಚಿಹ್ನೆಯ ಮೂರರಲ್ಲಿ ಒಂದು ಭಾಗ. ಕಾಲು ಮುರಿದ ಆ ಬೈಟ್‌ಗೆ ಅರ್ಥವೇ ಇಲ್ಲ, ಅದಕ್ಕೇ ಆ ಡೈಮಂಡ್.

ಪರಿಹಾರ ಸುಲಭವಾಗಿ ಸಿಕ್ತು. ‘ಎಂಬಿ ಸಬ್‌ಸ್ಟರ್’ ಬಳಸಿ. ಎಂಬಿ ಅಂದ್ರೆ ಮಲ್ಟಿಬೈಟ್. ಇದು ಬೈಟ್ ಬಿಟ್ಟು ಯೂನಿಕೋಡ್ ಸಂಕೇತಗಳನ್ನ ಎಣಿಸುತ್ತೆ. ಬದಲಾಯಿಸಿದೆ, ಡೈಮಂಡ್ ಮಾಯ. ಖುಷಿಯಾಗಿ ಮತ್ತೆ ನೋಟಿಫಿಕೇಶನ್ ಕಳಿಸಿದೆ. ಈ ಸಲ ಎಲ್ಲರ ಫೋನ್‌ಗೂ ಹೋಗಿದ್ದು ಇದು: ‘ಈ ಹೂಡಿಕೆಯ ಆ್ಯಪ್ ಅಸಲಿ’.

ಬೇಕಾದ್ರೆ ಎಣಿಸಿ ನೋಡಿ. ಸ್ಪೇಸ್, ಗುಣಿತ, ಒತ್ತು ಎಲ್ಲಾ ಸೇರಿ ‘ಲಿ’ಯ ಗುಡಿಸು ಸರಿಯಾಗಿ 20ನೇದು. ‘ಯಲ್ಲ’ ಕತ್ತರಿಗೆ ಹೋಯ್ತು. ಸ್ವಲ್ಪ ಹೊತ್ತಲ್ಲೇ ಕೇಳುಗರೊಬ್ಬರ ಮೆಸೇಜ್: “ಹಾಗಾದ್ರೆ ದುಡ್ಡು ಹಾಕಬಹುದಾ ಬ್ರೋ?” ನನ್ನ ಎದೆ ಧಸಕ್ ಅಂತು. ತಕ್ಷಣ ಫೋನ್ ಮಾಡಿ ಬೇಡ ಅಂದೆ, ಎಲ್ಲರಿಗೂ ತಿದ್ದುಪಡಿ ಕಳಿಸಿದೆ. ಮೊದಲನೇ ತಪ್ಪು ಕಣ್ಣಿಗೆ ಹೊಡೆಯೋ ಥರ ಇತ್ತು. ಎರಡನೇದು ನೋಡೋಕೆ ಅಚ್ಚುಕಟ್ಟಾಗಿತ್ತು, ಆದ್ರೆ ಸುಳ್ಳು ಹೇಳ್ತಿತ್ತು.

ಇನ್ನೂ ಒಂದು ತೊಡಕಿದೆ. ‘ಕನ್ನಡ’ ಅನ್ನೋ ಪದವನ್ನೇ ತಗೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ: ಕ, ನ್ನ, ಡ. ಕಂಪ್ಯೂಟರ್‌ಗೆ ಐದು ಸಂಕೇತ: ಕ, ನ, ವಿರಾಮ ಚಿಹ್ನೆ, ನ, ಡ. ಬೈಟ್ ಲೆಕ್ಕದಲ್ಲಿ 15. ಮೂರು ಸಂಕೇತಕ್ಕೆ ಕತ್ತರಿಸಿದ್ರೆ ಸಿಗೋದು ‘ಕನ್’, ಒತ್ತು ಹಾರಿಹೋಗುತ್ತೆ. ಪಿಎಚ್‌ಪಿಯ ಇಂಟಲ್ ಎಕ್ಸ್‌ಟೆನ್ಷನ್‌ನಲ್ಲಿ ‘ಗ್ರಾಫೀಮ್ ಸಬ್‌ಸ್ಟರ್’ ಇದೆ, ಜಾವಾಸ್ಕ್ರಿಪ್ಟ್‌ನಲ್ಲಿ ‘ಇಂಟಲ್ ಸೆಗ್ಮೆಂಟರ್’ ಇದೆ. ಇವು ಗುಣಿತವನ್ನ ಅಕ್ಷರದಿಂದ ಬೇರೆ ಮಾಡಲ್ಲ, ಅದು ದೊಡ್ಡ ಉಪಕಾರ. ಆದ್ರೆ ಕನ್ನಡದ ಒತ್ತಕ್ಷರದ ಮಧ್ಯೆ ಇವೂ ಕತ್ತರಿ ಆಡಿಸಬಹುದು. ಹಾಗಾಗಿ ಕಣ್ಣು ಮುಚ್ಚಿ ನಂಬಬೇಡಿ, ನಿಮ್ಮ ಸರ್ವರ್‌ನಲ್ಲಿ ‘ಕನ್ನಡ’ ಅಂತಲೇ ಹಾಕಿ ಟೆಸ್ಟ್ ಮಾಡಿ.

ಈಗ ನಾನು ಮಾಡೋದು ಇಷ್ಟು. ಒಂದು, ಮೊದಲು ಉದ್ದ ನೋಡ್ತೀನಿ. ಮಿತಿಯೊಳಗೆ ಇದ್ರೆ ಕತ್ತರಿಸೋದೇ ಇಲ್ಲ. ಎರಡು, ಉದ್ದ ಜಾಸ್ತಿ ಇದ್ರೆ ಎಂಬಿ ಸಬ್‌ಸ್ಟರ್‌ನಿಂದ ಕತ್ತರಿಸಿ, ಅದರಲ್ಲಿ ಕೊನೇ ಸ್ಪೇಸ್ ಎಲ್ಲಿದೆ ಅಂತ ‘ಎಂಬಿ ಸ್ಟರ್ ಆರ್‌ಪಾಸ್’ನಿಂದ ಹುಡುಕಿ ಅಲ್ಲಿಗೇ ನಿಲ್ಲಿಸ್ತೀನಿ, ಮೂರು ಚುಕ್ಕಿ ಸೇರಿಸ್ತೀನಿ. ಆಗ ಬರೋದು ‘ಈ ಹೂಡಿಕೆಯ ಆ್ಯಪ್...’. ಪೂರ್ತಿ ವಿಷಯ ಇಲ್ಲ, ಆದ್ರೆ ಸುಳ್ಳೂ ಇಲ್ಲ.

ಮೂರನೇದು ಕೋಡ್‌ಗೆ ಸಂಬಂಧಿಸಿದ್ದಲ್ಲ, ನಮ್ಮ ಭಾಷೆಗೆ ಸಂಬಂಧಿಸಿದ್ದು. ಕನ್ನಡದಲ್ಲಿ ‘ಇಲ್ಲ’, ‘ಅಲ್ಲ’, ‘ಬೇಡ’, ‘ಸುಳ್ಳು’ ಸಾಮಾನ್ಯವಾಗಿ ಬರೋದೇ ವಾಕ್ಯದ ಕೊನೆಗೆ. ಕತ್ತರಿ ಬೀಳೋದೂ ಕೊನೆಗೇ! ‘ಸಾಲ ಮನ್ನಾ ಆಗಿದೆ ಅನ್ನೋದು ಸುಳ್ಳು’ ಅನ್ನೋದನ್ನ ಪದ ನೋಡಿಯೇ ಕತ್ತರಿಸಿದ್ರೂ ‘ಸಾಲ ಮನ್ನಾ ಆಗಿದೆ...’ ಅಂತ ಉಳೀಬಹುದು. ಅದಕ್ಕೆ ಈಗ ಮುಖ್ಯ ಮಾತನ್ನ ಮೊದಲೇ ಇಡ್ತೀನಿ: ‘ನಕಲಿ ಆ್ಯಪ್ ಎಚ್ಚರ’. ಎಲ್ಲಿ ಕತ್ತರಿಸಿದ್ರೂ ‘ನಕಲಿ’ ಉಳಿಯುತ್ತೆ.

ನಿಮ್ಮ ಫೋನ್‌ಗೂ ಮೂರು ಚುಕ್ಕಿ ಇರೋ ಕನ್ನಡ ಸುದ್ದಿ ಬಂದ್ರೆ ಫಾರ್ವರ್ಡ್ ಮಾಡೋ ಮೊದಲು ತೆರೆದು ಪೂರ್ತಿ ಓದಿ. ಕೊನೇ ಪದದಲ್ಲಿ ‘ಅಲ್ಲ’ ಇರಬಹುದು.